ಪಡುವಣ ಬಿಸಿಲಿನ ತಲೆಬಾಗಿಲಿಗೆ ಎಪಾಕ್ಸಿ ಮತ್ತು ವಾರ್ನಿಶ್

ಕಲಬುರಗಿಯ ನಮ್ಮ ಮನೆಯ ತಲೆಬಾಗಿಲು ಪಡುವಣಕ್ಕೆ ಮುಖ ಮಾಡಿರುವುದರಿಂದ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದನ್ನು ಅಂಗೈಯಿಂದ ಮುಟ್ಟಲಾಗುವುದಿಲ್ಲ. ಹಳೆಯ ಸಾಗವಾನಿಯ ಬಾಗಿಲಾದರೂ ಬರಿಯ ವಾರ್ನಿಶ್ ಬಳಿದಾಗಲೆಲ್ಲ ಎರಡು ಬೇಸಿಗೆಯೊಳಗೆ ಸಿಪ್ಪೆ ಏಳುತ್ತಿತ್ತು. ದೋಣಿಯ ಮರದ ಬಾಗಿಲುಗಳಿಗೆ ಮಾಡುವಂತೆ ಒಳಗೆ ಎಪಾಕ್ಸಿ (ಎರಡು ದ್ರವಗಳನ್ನು ಕಲಸಿದಾಗ ಗಟ್ಟಿಯಾಗುವ ರಾಳ), ಅದರ ಮೇಲೆ ವಾರ್ನಿಶ್ ಕೊಟ್ಟ ಬಳಿಕ ಆ ಕಾಟ ತಗ್ಗಿತು. ಎಪಾಕ್ಸಿಯು ನೀರನ್ನು ತಡೆಯುತ್ತದೆಯೇ ಹೊರತು ಬಿಸಿಲನ್ನು ತಡೆಯದು. ಬರಿಯ ಎಪಾಕ್ಸಿ ಬಿಸಿಲಿಗೆ ಹಳದಿಗಟ್ಟಿ, ಸುಣ್ಣದಂತೆ ಪುಡಿಯಾಗುತ್ತದೆ. ಹಾಗಾಗಿ ಬಿಸಿಲನ್ನು ತಾಳುವ ಹೊರಾಂಗಣದ ವಾರ್ನಿಶ್ ಮೇಲೆ ಇರಲೇಬೇಕು.

ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ದಿನಗಳು ಒಳ್ಳೆಯವು, ಆದರೆ ತೊಗರಿಯ ರಾಶಿ ಶುರುವಾಗುವ ಮುನ್ನವೇ ಮುಗಿಸಿಬಿಡಿ, ಏಕೆಂದರೆ ಆ ಧೂಳು ಹಸಿ ವಾರ್ನಿಶ್ ಮೇಲೆ ಕೂತರೆ ಮತ್ತೆ ಉಜ್ಜದೆ ಬಿಡದು. ಚೈತ್ರದಲ್ಲಂತೂ ಬೇಡ. ಒಮ್ಮೆ ಆ ತಿಂಗಳಲ್ಲಿ ನಾನು ಎಪಾಕ್ಸಿಯನ್ನೆಲ್ಲ ಒಂದೇ ಡಬ್ಬಿಯಲ್ಲಿ ಕಲಸಿಟ್ಟು ಚಹಾಕ್ಕೆ ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ಅದು ಹೊಗೆಯಾಡುತ್ತ ಕಲ್ಲಾಗಿತ್ತು. ಎರಡು ದ್ರವಗಳು ಕೂಡುವಾಗ ತಾವೇ ಬಿಸಿಯಾಗುತ್ತವೆ, ಆಳದ ಪಾತ್ರೆಯಲ್ಲಿ ಆ ಬಿಸಿ ಹೊರಹೋಗುವುದಿಲ್ಲ. ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ಅಳೆದು, ಸ್ವಲ್ಪಸ್ವಲ್ಪವೇ ಕಲಸಿ ಅಗಲವಾದ ತಟ್ಟೆಯಲ್ಲಿ ಹರಡಿಕೊಳ್ಳಿ. ಬೇಗ ಗಟ್ಟಿಯಾಗಲೆಂದು, ಆ ಎರಡರಲ್ಲಿ ಗಟ್ಟಿಮಾಡುವ ದ್ರವವಾದ ಹಾರ್ಡ್‌ನರ್ ಹೆಚ್ಚು ಹಾಕುವುದು ತಪ್ಪು, ಹಾಗೆ ಮಾಡಿದರೆ ಅದು ಎಂದೂ ಸರಿಯಾಗಿ ಗಟ್ಟಿಯಾಗದು.

ಬಾಗಿಲನ್ನು ಕೀಲಿನಿಂದ ಬಿಡಿಸಿ ನೆರಳಲ್ಲಿ ಮಲಗಿಸಿ, ಹಳೆಯ ವಾರ್ನಿಶ್ ಕೆರೆದು, 80, 120, 180ರ ಉಸುಕಿನ ಕಾಗದದಿಂದ (ಅಂಕಿ ಏರಿದಷ್ಟೂ ಕಾಗದ ನುಣುಪು) ಎಳೆಯ ಗುಂಟ ಉಜ್ಜಿರಿ; ಮೂಗು ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಸಾಗವಾನಿಯಲ್ಲಿ ಸಹಜವಾಗಿಯೇ ಎಣ್ಣೆಯಂಶವಿರುತ್ತದೆ, ಹಬ್ಬಹುಣ್ಣಿಮೆಗೆ ಬಾಗಿಲಿಗೆ ಸವರಿದ ಅರಿಶಿನ, ಎಣ್ಣೆಯ ಜಿಡ್ಡು ಬೇರೆ. ಬಳಿಯುವ ಸ್ವಲ್ಪ ಮುನ್ನ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸದಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ. ಮರ ತಣಿಯುತ್ತಿರುವ ಸಂಜೆಯ ಹೊತ್ತಿಗೆ ಬಳಿಯಿರಿ, ಬಿಸಿಯೇರುವಾಗ ಬಳಿದರೆ ಎಳೆಗಳೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಹೆಚ್ಚಿನವರು ಮರೆಯುವುದು ಬಾಗಿಲಿನ ಕೆಳತುದಿಯನ್ನು. ಅಲ್ಲಿ ಮರದ ಎಳೆಗಳ ಬಾಯಿ ತೆರೆದಿರುವುದರಿಂದ, ಅಂಗಳ ಸಾರಿಸಿದ ನೀರನ್ನೂ ಮಳೆಯ ಇರಚಲನ್ನೂ ಅದೇ ಮೊದಲು ಕುಡಿಯುತ್ತದೆ. ಮರ ಹೀರುವುದು ನಿಲ್ಲುವವರೆಗೆ ಆ ತುದಿಗೆ ಎಪಾಕ್ಸಿ ಉಣಿಸಿ; ಉಳಿದ ಭಾಗಕ್ಕೆ ಎರಡು ತೆಳು ಲೇಪ ಸಾಕು.

ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಮೇಣದಂಥ ಜಿಡ್ಡು ಬರುತ್ತದೆ. ಅದನ್ನು ಮೊದಲು ನೀರಿನಿಂದ ತೊಳೆದು, ಒಣಗಿದ ಮೇಲೆ 220ರ ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿರಿ. ತೊಳೆಯದೆ ಉಜ್ಜಿದರೆ ಜಿಡ್ಡು ಒಳಗೇ ಸೇರಿ ವಾರ್ನಿಶ್ ಒಣಗುವುದಿಲ್ಲ. ವಾರ್ನಿಶ್ ಡಬ್ಬಿಯನ್ನು ಅಲುಗಾಡಿಸದೆ ಮೆಲ್ಲಗೆ ಕಲಕಿ, ಕನಿಷ್ಠ ನಾಲ್ಕೈದು ಲೇಪ ಕೊಡಿ, ಲೇಪದಿಂದ ಲೇಪಕ್ಕೆ 320ರ ಕಾಗದ ಆಡಿಸಿ. ಎಣ್ಣೆಯ ವಾರ್ನಿಶ್ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ; ಅದು ತಾನೇ ಕಾದು ಹೊತ್ತಿಕೊಳ್ಳುವುದುಂಟು, ಬಿಡಿಸಿ ಹರವಿ ಒಣಗಿಸಿ. ಮುಂದೆ ಪ್ರತಿ ವರ್ಷ ಹೊಳಪು ಮಾಸಿದ್ದು ಕಂಡಾಗ, ಬಿರುಕು ಬೀಳುವ ಮುನ್ನವೇ, ತುಸು ಉಜ್ಜಿ ಒಂದು ಲೇಪ ಕೊಟ್ಟರೆ ಎಪಾಕ್ಸಿಯವರೆಗೆ ಕೆರೆಯುವ ಕೆಲಸ ಬರುವುದಿಲ್ಲ.