ನಾಟಿ ಹೇಂಟೆ, ಕೆಂಪು ಹುಂಜ: ಹಿತ್ತಲಲ್ಲೇ ಮಿಶ್ರತಳಿ

ನಾಟಿ ಕೋಳಿ ವರ್ಷಕ್ಕೆ 60-70 ಮೊಟ್ಟೆ ಇಟ್ಟರೆ ಅದೇ ಜಾಸ್ತಿ. ಫಾರಂನ ಲೆಗಾರ್ನ್ 280 ದಾಟುತ್ತದೆ. ಆದರೆ ಲೆಗಾರ್ನ್ ಕಾವು ಕೂರುವುದಿಲ್ಲ, ಕಾಫಿ ತೋಟದಲ್ಲಿ ಬಿಳಿ ಕೋಳಿ ಹದ್ದಿನ ಕಣ್ಣಿಗೂ ಬೇಗ ಬೀಳುತ್ತದೆ. ಕೊಡಗಿನ ಹಿತ್ತಲಿಗೆ ನಾಟಿ ಹೇಂಟೆ, ರೋಡ್ ಐಲ್ಯಾಂಡ್ ರೆಡ್ ಅನ್ನುವ ಕೆಂಪು ತಳಿಯ ಹುಂಜದ ಜೋಡಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಹುಂಜ ಆರಿಸಿ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಅಂದರೆ ಹುಟ್ಟುವ ಪ್ರತಿ ಮರಿಯಲ್ಲೂ ಅರ್ಧ ಗುಣ ಅದರದ್ದೇ, ಅಲ್ವಾ? ಮೈಕಟ್ಟು, ಜುಟ್ಟು ನೋಡಿ ಮರುಳಾಗಬೇಡಿ. ಅದರ ತಾಯಿ, ಅಕ್ಕತಂಗಿಯರು ಎಷ್ಟು ಮೊಟ್ಟೆ ಇಟ್ಟಿವೆ ಅಂತ ಕೇಳಿ. ಮೊಟ್ಟೆಯ ಗುಣ ಹುಂಜದ ಮೂಲಕವೂ ಮಗಳಿಗೆ ಇಳಿಯುತ್ತದೆ.

ಹಳೆ ಹುಂಜವನ್ನು ದೂರ ಮಾಡಿ ಮೂರು ವಾರ ಕಾಯಿರಿ. ಅದರ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಅಷ್ಟು ದಿನ ಉಳಿಯಬಹುದು. ಆಮೇಲೆ ಹೊಸ ಹುಂಜ ಬಿಡಿ. ಅದು ಸೇರಿದ ಮೇಲಿನ ಮೊಟ್ಟೆಗಳನ್ನು ತೊಳೆಯದೆ, ಚೂಪು ತುದಿ ಕೆಳಗೆ ಮಾಡಿ ತಂಪಾದ ಜಾಗದಲ್ಲಿಡಿ. ಒಂದು ವಾರದೊಳಗೆ ಕಾವಿಗೆ ಕೂರಿಸಿ, ಒಂದು ಹೇಂಟೆಗೆ 10-12. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ, ಒಳಗೆ ರಕ್ತನಾಳ ಕಾಣದವನ್ನು ತೆಗೆಯಿರಿ. 21 ದಿನಕ್ಕೆ ಮರಿ.

ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಗೂಡಿನ ನೆಲ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ತಗಲುತ್ತದೆ. ಅಕ್ಟೋಬರ್ ಕಳೆದ ಮೇಲೆ ಕೂರಿಸಿ. ಆ ಮರಿಗಳು ಐದಾರು ತಿಂಗಳಿಗೆ, ಹಗಲು ಉದ್ದವಾಗುವ ಹೊತ್ತಿಗೆ, ಮೊಟ್ಟೆಗೆ ಬರುತ್ತವೆ. ಹಗಲು ಉದ್ದವಾದರೆ ಮೊಟ್ಟೆಗೆ ಒಳ್ಳೆಯದು.

ಹೇಂಟೆ ಬಾರ್ಡ್ ಪ್ಲಿಮತ್ ರಾಕ್ ಜಾತಿಯದ್ದಾದರೆ ಇನ್ನೊಂದು ಅನುಕೂಲವಿದೆ. ಅದರ ಗರಿಗಳ ಅಡ್ಡಪಟ್ಟೆಯ ಜೀನ್ ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನಲ್ಲಿದೆ. ತಾಯಿ ತನ್ನ ಒಂದೇ ಝಡ್ ಅನ್ನು ಗಂಡುಮರಿಗೆ ಮಾತ್ರ ಕೊಡುತ್ತಾಳೆ. ಹಾಗಾಗಿ ಕೆಂಪು ಹುಂಜದ ಜೊತೆ ಸೇರಿದಾಗ ಗಂಡುಮರಿಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಮೊದಲ ದಿನವೇ ಬೇರ್ಪಡಿಸಬಹುದು. ನಾಟಿ ಕೋಳಿಯಲ್ಲಿ ಬಣ್ಣ ಬೆರೆತಿರುವುದರಿಂದ ಈ ಗುರುತನ್ನು ನಂಬುವಂತಿಲ್ಲ.

ಮಿಶ್ರತಳಿ ಮರಿಗಳನ್ನೇ ಮತ್ತೆ ತಮ್ಮೊಳಗೆ ಕೂಡಿಸಬೇಡಿ. ಮೊದಲ ಪೀಳಿಗೆಯ ಹುರುಪು ಎರಡನೆಯದರಲ್ಲಿ ಇಳಿಯುತ್ತದೆ. ಒಂದು ಮರಿ ತಾಯಿಯಂತೆ, ಇನ್ನೊಂದು ಅಜ್ಜನಂತೆ ಆಗುತ್ತದೆ. ಶುದ್ಧ ನಾಟಿಯ ಗುಂಪೊಂದನ್ನು ಬೇರೆಯೇ ಉಳಿಸಿಕೊಳ್ಳಿ, ಹುಂಜವನ್ನು ಹೊರಗಿನಿಂದ ತನ್ನಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಕೋಳಿ ತಳಿಗಳನ್ನು ಸಾಕುವವರಿಗೂ ಇದೇ ಮಾತು. ಅವುಗಳ ಮೊಟ್ಟೆಗೆ ಮನೆಯಲ್ಲೇ ಕಾವು ಕೊಟ್ಟರೆ ಮರಿ ಬರುತ್ತದೆ, ಆದರೆ ಅದೇ ಇಳುವರಿ ಸಿಗುವುದಿಲ್ಲ.