ದತ್ತು ಮಗಳ ಫೀ ರಸೀದಿಯೂ ನನ್ನ ರೀಫಂಡೂ

"ದತ್ತು ಮಕ್ಕಳದ್ದು 80ಸಿಗೆ ಬರೋದಿಲ್ಲ ಮಾರಾಯ್ರೇ" ಎಂದು ನಮ್ಮ ಆಫೀಸಿನ ಲೆಕ್ಕದವರು ಮಗಳ ಫೀ ರಸೀದಿ, ಸುಕನ್ಯಾ (ಹೆಣ್ಣುಮಕ್ಕಳ ಸರ್ಕಾರಿ ಉಳಿತಾಯ ಯೋಜನೆ) ಪಾಸ್‌ಬುಕ್ಕಿನ ಪ್ರತಿ ಎರಡನ್ನೂ ವಾಪಸ್ ಕೊಟ್ಟರು. 80ಸಿ ಅಂದರೆ ಮಕ್ಕಳ ಟ್ಯೂಷನ್ ಫೀ, ಇಂಥ ಉಳಿತಾಯದ ದುಡ್ಡನ್ನು ಆದಾಯದಿಂದ ಕಳೆದು ತೆರಿಗೆ ಹಾಕುವ ಕಲಂ. 2024ರ ಜನವರಿ ಇರಬೇಕು. ಸುಮಾರು 28 ಸಾವಿರ ತೆರಿಗೆ ಸಂಬಳದಲ್ಲೇ ಹೋಯಿತು.

ನಾನು ಜಗಳಕ್ಕೆ ಹೋಗಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 2(15ಬಿ) ತೆಗೆದು ನೋಡಿದೆ. ಮಗು ಅಂದರೆ ದತ್ತು ಮಗುವೂ ಸೇರಿತು ಅಂತ ಸ್ಪಷ್ಟವಾಗಿಯೇ ಇತ್ತು. ಆಫೀಸು ಕೊಡುವ ಸಂಬಳ-ತೆರಿಗೆ ಪತ್ರ ಫಾರಂ 16ರಲ್ಲಿ ಇಲ್ಲದಿದ್ದರೇನು, ರಿಟರ್ನ್‌ನಲ್ಲಿ ನಾವೇ ಹಾಕಬಹುದಲ್ವಾ?

ಇಷ್ಟು ಹೊತ್ತಿಗೆ ಎಡವಿದ್ದು ಕಡಿಮೆಯಲ್ಲ. ದತ್ತು ಆದೇಶಕ್ಕೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರದ ಡಿ.ಸಿ. ಆಫೀಸಿಗೆ ಮೂರ್ನಾಲ್ಕು ಸಲ ಹೋಗಿದ್ದೆ. ನಮ್ಮ ಹೆಸರಿರುವ ಜನನ ಪತ್ರ ಬರುವುದು ತಡವಾಗಿ, ಸುಕನ್ಯಾ ಖಾತೆ ತೆರೆಯಲು ಒಂದು ಆರ್ಥಿಕ ವರ್ಷವೇ ಹೋಯಿತು. ದತ್ತು ಪ್ರಕ್ರಿಯೆಗೆ ಕಟ್ಟಿದ ಐವತ್ತು ಸಾವಿರದ ಆಚೀಚೆಯ ದುಡ್ಡನ್ನು 80ಜಿ ದೇಣಿಗೆ ಅಂತ ತೋರಿಸುವ ಆಸೆಯೂ ಇತ್ತು. ಅದು ಫೀ, ದಾನ ಅಲ್ಲ. ಬಿಟ್ಟೆ.

ದೊಡ್ಡ ತಪ್ಪು ಮಾರ್ಚ್‌ನಲ್ಲಿ ಗೊತ್ತಾಯಿತು. ಶಾಲೆಯ ರಸೀದಿಯ 40 ಸಾವಿರ ಪೂರ್ತಿ ಲೆಕ್ಕ ಹಿಡಿದಿದ್ದೆ. ಬಸ್ಸಿನ ದುಡ್ಡು, ಡೆವಲಪ್‌ಮೆಂಟ್ ಫೀ ಕಳೆದರೆ 80ಸಿಗೆ ಸಲ್ಲುವ ಟ್ಯೂಷನ್ ಫೀ 26 ಸಾವಿರ ಅಷ್ಟೇ. ನನ್ನ ಆಟ ನಿಂತಿದ್ದೇ ಐದು ಲಕ್ಷದ ಗೆರೆಯ ಮೇಲೆ. ಇಂಥ ಕಡಿತಗಳಿರುವ ಹಳೆ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯ ಅದಕ್ಕಿಂತ ಕೆಳಗಿಳಿದರೆ ತೆರಿಗೆಯೇ ಇಲ್ಲ. ಸ್ವಲ್ಪ ಜಾಸ್ತಿಯಾದರೂ ಹನ್ನೆರಡೂವರೆ ಸಾವಿರ ಮತ್ತು ಸೆಸ್. ಪೋಸ್ಟಾಫೀಸಿಗೆ ಓಡಿ ಸುಕನ್ಯಾಗೆ ಇನ್ನೂ 14 ಸಾವಿರ ತುಂಬಿದೆ. ಪಿ.ಎಫ್., ಮನೆ ಸಾಲದ ಬಡ್ಡಿ ಎಲ್ಲ ಸೇರಿ ಗೆರೆಯಿಂದ ಸಾವಿರ ರೂಪಾಯಿ ಕೆಳಗೆ ನಿಂತಿತು!

ನಡುವೆ ಇನ್ನೊಂದು ಪ್ರಯೋಗ. ಮಗಳ ಹೆಸರಲ್ಲಿ ಎಫ್.ಡಿ. ಇಟ್ಟರೆ ಬಡ್ಡಿ ಅವಳದ್ದು, ತೆರಿಗೆ ತಪ್ಪುತ್ತದೆ ಅಂದುಕೊಂಡೆ. ಬಡ್ಡಿ ನನ್ನ ಆದಾಯಕ್ಕೇ ಸೇರಿತು. ತೆರಿಗೆಯಿಂದ ಬಿಟ್ಟದ್ದು ವರ್ಷಕ್ಕೆ 1,500 ಮಾತ್ರ. ಸುಮ್ನೆ ಕೈಸುಟ್ಟುಕೊಂಡೆ.

ಜುಲೈ 31ರ ಒಳಗೆ, ಹಳೆ ಪದ್ಧತಿ ಆರಿಸಿಯೇ ರಿಟರ್ನ್ ಹಾಕಿದೆ. ತಡ ಮಾಡಿದರೆ ಆ ಆಯ್ಕೆ ಹೋಗುತ್ತದೆ. ಆಗಸ್ಟ್ ಕೊನೆಗೆ ಸಂಬಳದಲ್ಲಿ ಹಿಡಿದುಕೊಂಡ ತೆರಿಗೆಯೆಲ್ಲ ಖಾತೆಗೆ ಬಂತು. ಮೆಸೇಜನ್ನು ಲೆಕ್ಕದವರ ಮೇಜಿನ ಮೇಲೇ ಇಟ್ಟು ತೋರಿಸಿದೆ.

ಹೆಂಡತಿಯ ರಿಟರ್ನ್‌ನಲ್ಲೂ ಒಂದು ಚಮತ್ಕಾರ ಮಾಡಿದ್ದೇವೆ. ಅದನ್ನು ಬರೆಯುವುದಿಲ್ಲ. ಮನೆಗೆ ಬಂದು ಕಷಾಯ ಕುಡಿದವರಿಗೆ ಹೇಳುತ್ತೇನೆ.