ಕೊಟ್ಟಿಗೆ ನೀರಿಗೆ ಮೂರು ಡ್ರಮ್ ಇದ್ದಿಲು: ನನ್ನ ಅನುಭವ

ಹೋದ ಏಪ್ರಿಲ್‌ನಲ್ಲಿ ನನ್ನ ಕೃಷಿ ಹೊಂಡದ ತಳದ ಪ್ಲಾಸ್ಟಿಕ್ ಹಾಳೆ ಕಣ್ಣಿಗೆ ಕಾಣಿಸಿತು. ನೀರು ಬತ್ತಿ ಅಲ್ಲ, ನಾಲ್ಕಡಿ ನೀರು ನಿಂತಿರುವಾಗಲೇ. "ಇದ್ದಿಲು ಹಾಕಿ ನೀರು ತೊಳೀತಾನಂತೆ" ಎಂದು ಡೇರಿ ಮುಂದೆ ನಗುತ್ತಿದ್ದವರನ್ನೇ ಕರೆದು ತೋರಿಸಿದೆ. ಕೊಟ್ಟಿಗೆ ತೊಳೆದ ನೀರನ್ನು ಇದ್ದಿಲಿನಲ್ಲಿ ಹಾಯಿಸಿ, ಹೊಂಡದ ಪಾಚಿ ತಡೆದ ಕಥೆ ಇದು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಕೋಲಾರದ ಕಡೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ಊರು. ಕೊಟ್ಟಿಗೆ ತೊಳೆದ ನೀರನ್ನೂ ಬಿಡುವ ಹಾಗಿಲ್ಲ. ಒಂಬತ್ತು ಹಸು, ದಿನಕ್ಕೆ ಸುಮಾರು 700 ಲೀಟರ್ ನೀರು. ಅದನ್ನು ತೊಟ್ಟಿಯಲ್ಲಿ ತಂಗಿಸಿ 21 ಮೀಟರ್ ಚೌಕದ ಹೊಂಡಕ್ಕೆ ಬಿಡುತ್ತಿದ್ದೆ. ಎರಡೇ ವರ್ಷಕ್ಕೆ ಹೊಂಡ ಹಸಿರು ಬಣ್ಣದ ಡಬ್ಬಿ ಮಗುಚಿದ ಹಾಗಾಯಿತು. ಡ್ರಿಪ್ ಫಿಲ್ಟರ್ ದಿನಕ್ಕೆರಡು ಸಲ ಬಿಚ್ಚಬೇಕು. ಮೈಲುತುತ್ತ ಹಾಕಿದೆ. ಪಾಚಿ ಸತ್ತಿತು, ಕೊಳೆಯಿತು, ಮೂರನೇ ದಿನ ಬೆಳಗ್ಗೆ ಕಾಟ್ಲಾ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾಲ್ಕೈದು ಸಾವಿರ ಅಲ್ಲೇ ಹೋಯಿತು. ಪಾಚಿ ತಿಂಗಳೊಳಗೆ ವಾಪಸ್ ಬಂತು, ಮೀನು ಬರಲಿಲ್ಲ.

ಸಗಣಿ ನೀರಿನಲ್ಲಿ ಬರುವ ರಂಜಕವೇ (ಫಾಸ್ಫರಸ್) ಪಾಚಿಗೆ ಗೊಬ್ಬರ, ಅದನ್ನು ತಡೆಯದೆ ಪಾಚಿ ನಿಲ್ಲುವುದಿಲ್ಲ. ಬಯೋಚಾರ್, ಅಂದರೆ ಗಾಳಿ ಹೆಚ್ಚು ತಾಗದಂತೆ ಸುಟ್ಟ ಇದ್ದಿಲು, ಮಾಡುವುದು ನಿಮಗೂ ಗೊತ್ತಿರಬಹುದು. ನಾನು ಡ್ರಮ್ಮಿನೊಳಗೆ ಡ್ರಮ್ ಇಟ್ಟು ಸುಡುತ್ತೇನೆ. ಅಷ್ಟು ಗೊತ್ತಿದ್ದೂ ಮೊದಲ ಸಲ ಮಾಡಿದ ತಪ್ಪು ನೆನೆಸಿದರೆ ಈಗಲೂ ನಗು ಬರುತ್ತದೆ. ಪುಕ್ಕಟೆ ಸಿಗುತ್ತದೆ ಅಂತ ಟೊಮೆಟೊ ಗಿಡದ ಕಡ್ಡಿ ಸುಟ್ಟೆ, ಜೊತೆಗೆ ಒಣ ಸಗಣಿ. ಡ್ರಮ್ಮಿಗೆ ತುಂಬಿ ನೀರು ಹಾಯಿಸಿದೆ. ಅಕ್ವೇರಿಯಂ ಅಂಗಡಿಯ ಕಿಟ್‌ನಲ್ಲಿ ನೋಡಿದರೆ ಒಳಗೆ ಹೋಗುವಾಗ ಲೀಟರಿಗೆ 60 ಮಿಲಿಗ್ರಾಂ ಹತ್ತಿರ ಇದ್ದ ಫಾಸ್ಫೇಟ್ (ನೀರಲ್ಲಿ ಕರಗಿದ ರಂಜಕ) ಹೊರಗೆ ಬರುವಾಗ 80! ಇದ್ದಿಲಿನ ಬೂದಿಯೇ ರಂಜಕ ಬಿಡುತ್ತಿತ್ತು. ಸುಮ್ನೆ ಒಂದು ತಿಂಗಳು ಹೊಂಡಕ್ಕೆ ಗೊಬ್ಬರ ಹಾಕಿದ್ದೆ.

ಆಮೇಲೆ ಹಿಪ್ಪುನೇರಳೆ ಕಡ್ಡಿಗೆ ಬಂದೆ. ಹುಳು ಸೊಪ್ಪು ತಿಂದ ಮೇಲೆ ಉಳಿಯುವ ಕಡ್ಡಿಗೆ ನಮ್ಮಲ್ಲಿ ಬರವಿಲ್ಲ. ಇದ್ದಿಲು ಚೆನ್ನಾಗಿ ಬಂತು, ನೀರಿನ ವಾಸನೆ ಎಳೆದುಕೊಂಡಿತು, ಅಮೋನಿಯಾ ಸ್ವಲ್ಪ ಕಡಿಮೆಯಾಯಿತು. ರಂಜಕ ಮಾತ್ರ ಜಗ್ಗಲಿಲ್ಲ. ಬರೀ ಇದ್ದಿಲು ಫಾಸ್ಫೇಟನ್ನು ಹತ್ತಿರ ಸೇರಿಸುವುದಿಲ್ಲ. ಅದರ ಮೈಗೆ ಮೆಗ್ನೀಷಿಯಂ, ಕಬ್ಬಿಣ, ಸುಣ್ಣ, ಏನಾದರೊಂದು ಹತ್ತಿಸಬೇಕು.

ಕಬ್ಬಿಣ ಮೊದಲು ನೋಡಿದೆ. ಲೇತ್ ಅಂಗಡಿಯ ಚೂರು ತಂದು ತುಕ್ಕು ಹಿಡಿಸಿ ಬೆರೆಸಿದೆ. ರಂಜಕ ಇಳಿಯಿತು, ಆದರೆ ಕೆಂಪು ನೀರು ಬಂದು ಡ್ರಿಪ್ಪರ್ ತೂತುಗಳೆಲ್ಲ ಮುಚ್ಚಿದವು. ಒಂದೂವರೆ ಎಕರೆಯ ಡ್ರಿಪ್ ಪೈಪು (ಲ್ಯಾಟರಲ್) ಬದಲಾಯಿಸಿದ ಖರ್ಚು ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ. ಮುಂದೆ ಗೊಬ್ಬರದಂಗಡಿಯ ಮೆಗ್ನೀಷಿಯಂ ಸಲ್ಫೇಟ್‌ನಲ್ಲಿ ಕಡ್ಡಿ ನೆನೆಸಿ ಸುಟ್ಟೆ. ಕೊಳೆತ ಮೊಟ್ಟೆಯ ನಾತ. ಫಲ ಅರ್ಧಂಬರ್ಧ.

ಕೊನೆಗೆ ಕೈಹಿಡಿದದ್ದು ಮೆಗ್ನೀಷಿಯಂ ಕ್ಲೋರೈಡ್. ಗುಜರಾತಿನ ಉಪ್ಪಿನ ಗದ್ದೆಗಳಲ್ಲಿ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರಿನಿಂದ ಮಾಡುತ್ತಾರಲ್ಲ, ಅದೇ ಹರಳು. ನನಗೆ ಕಿಲೋ ಇಪ್ಪತ್ತೈದರ ಸುಮಾರಿಗೆ ಸಿಕ್ಕಿತು. 400 ಕಿಲೋ ಒಣ ಕಡ್ಡಿಗೆ 20 ಕಿಲೋ ಹರಳು, 100 ಕಿಲೋಗೆ ಸ್ವಲ್ಪ ಕಡಿಮೆ ಇದ್ದಿಲು. ಎಷ್ಟು ಹೊತ್ತು ನೆನೆಸುತ್ತೇನೆ, ಸುಡುವ ಮೊದಲು ಇನ್ನೇನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದಕ್ಕೆ ಎರಡು ವರ್ಷ ಕೊಟ್ಟಿದ್ದೇನೆ. ಒಂದು ಮಾತು ಮುಚ್ಚಿಡುವುದಿಲ್ಲ: ಸುಡುವಾಗ ಬರುವ ಹೊಗೆಯಲ್ಲಿ ಆಸಿಡ್ ಇರುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಮನೆಯಿಂದ ದೂರ ಮಾಡಿ. ನನಗೆ ಒಂದು ವಾರ ಕೆಮ್ಮು ಬಿಡಲಿಲ್ಲ.

ಹೊಸ ಇದ್ದಿಲನ್ನು ತೊಳೆಯದೆ ಹಾಕಬೇಡಿ. ನೀರಿನ ಪಿಎಚ್ ಹತ್ತರ ಹತ್ತಿರ ಹೋಗುತ್ತದೆ, ಕೊಟ್ಟಿಗೆ ನೀರಿನ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ. ಎರಡನೇ ಸಲ ಬಿಟ್ಟ ಮೀನುಮರಿಯಲ್ಲಿ ಅರ್ಧ ಹೀಗೇ ಹೋದವು. ಈಗ ನಾಲ್ಕು ನೀರಲ್ಲಿ ತೊಳೆಯುತ್ತೇನೆ.

200 ಲೀಟರಿನ ಮೂರು ನೀಲಿ ಡ್ರಮ್, ಸಾಲಾಗಿ. ನೀರು ಕೆಳಗಿನಿಂದ ಹತ್ತಿ ಮೇಲಿನಿಂದ ಹೊರಗೆ. ಇದ್ದಿಲು ತೇಲದ ಹಾಗೆ ಮೇಲೆ ಬಲೆ, ಬಲೆಯ ಮೇಲೆ ಕಲ್ಲು. ಕಾಳು ಕಡಲೆ ಗಾತ್ರ ಇರಬೇಕು. ಪುಡಿ ಹಾಕಿದರೆ ಸಗಣಿ ನಾರು ಸೇರಿ ಎರಡೇ ದಿನಕ್ಕೆ ಗಾರೆ. ಮೊದಲ ಡ್ರಮ್ಮಿಗಿಂತ ಮುಂಚೆ ತೆಂಗಿನ ನಾರಿನ ಚೀಲ ಇಟ್ಟಿದ್ದೇನೆ, ವಾರಕ್ಕೊಮ್ಮೆ ಒದರಬೇಕು.

60 ಇದ್ದ ಫಾಸ್ಫೇಟ್ ಈಗ 10-15. ಆರು ವಾರ ಹೀಗೆ ಇರುತ್ತದೆ, ಆಮೇಲೆ ಏರುತ್ತದೆ, ಆಗ ಬದಲಾಯಿಸುತ್ತೇನೆ. ಲ್ಯಾಬಿಗೆ ಕೊಟ್ಟಾಗ ಕೊಟ್ಟಿಗೆ ನೀರಿಗೆ 20 ಅಂತ ಬರೆದರು. ತಪ್ಪು ಅಂತ ಜಗಳಕ್ಕೇ ಹೋಗಿದ್ದೆ. ಅವರದು ಬರೀ ರಂಜಕದ ಲೆಕ್ಕ, ನನ್ನ ಕಿಟ್ ಫಾಸ್ಫೇಟಿನ ಲೆಕ್ಕ. ರಂಜಕ ಒಂದು ಅಂದರೆ ಫಾಸ್ಫೇಟ್ ಸುಮಾರು ಮೂರು. ತಪ್ಪು ನನ್ನದೇ.

ನೈಟ್ರೇಟ್ ಇದ್ದಿಲಿಗೆ ಸಿಗುವುದಿಲ್ಲ, ಅದಕ್ಕೆ ಆಸೆ ಪಡಬೇಡಿ. ಅದಕ್ಕಾಗಿ ಬದುವಿನ ಪಕ್ಕ ಗುಂಡಿ ತೋಡಿ ನೀಲಗಿರಿ ಚಕ್ಕೆ ತುಂಬಿ, ಗಾಳಿಯಾಡದಂತೆ ನೀರಲ್ಲಿ ಮುಳುಗಿಸಿದ್ದೇನೆ. ಒಳಗಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಮೊದಲ ತಿಂಗಳು ಚಹಾ ಬಣ್ಣದ ನೀರು ಬಂತು. ಈಗ ಪರವಾಗಿಲ್ಲ, ಆದರೆ ನಂಬಿ ಹೇಳುವಷ್ಟು ದಿನ ಆಗಿಲ್ಲ.

ದುಡ್ಡಿನ ವಿಷಯ. ಕೆಲಸ ಸರಿಹೋಗುವ ತನಕ ಮೂವತ್ತೆಂಟು, ನಲವತ್ತು ಸಾವಿರ ಕರಗಿರಬೇಕು. ಈಗ ಒಂದು ಸಲ ಇದ್ದಿಲು ಬದಲಾಯಿಸಲು ಹರಳು, ಕೂಲಿ ಸೇರಿ ಸಾವಿರದ ಮೇಲೆ ಸ್ವಲ್ಪ. ಹಳೇ ಇದ್ದಿಲು ಗೊಬ್ಬರ ಆಗುತ್ತದಲ್ಲ, ಅದರಲ್ಲೇ ಅಸಲು ಬರುತ್ತದೆ ಅಂತ ಹೇಳುವವರಿದ್ದಾರೆ. ನಾನು ಲೆಕ್ಕ ಹಾಕಿದೆ. ಮೂರು ಡ್ರಮ್ಮಿನಲ್ಲಿ ಸಿಕ್ಕಿಬಿದ್ದ ರಂಜಕ ಸುಮಾರು ಎರಡೂಕಾಲು ಕಿಲೋ ಡಿಎಪಿ ಗೊಬ್ಬರಕ್ಕೆ ಸಮ. ಮೂಟೆ 1,350 ರೂಪಾಯಿ ಅಂದರೂ ನೂರು ರೂಪಾಯಿ ಆಗಲ್ಲ! ಉಳಿತಾಯ ಇರುವುದು ಬೇರೆ ಕಡೆ: ಫಿಲ್ಟರ್ ಈಗ ವಾರಕ್ಕೊಮ್ಮೆ ಬಿಚ್ಚುತ್ತೇನೆ, ಪಾಚಿ ತೆಗೆಸುವ ಕೂಲಿ ಇಲ್ಲ, ಮೀನು ಬದುಕಿವೆ. ಆದರೂ ಆ ಇದ್ದಿಲನ್ನು ಗೊಬ್ಬರದ ಗುಂಡಿಗೆ ಬೆರೆಸಿ ಬದನೆ ಸಾಲಿಗೆ ಹಾಕಿದೆ. ಗಿಡ ಕಪ್ಪಗೆ ಬಂದಿವೆ. ಇದ್ದಿಲಿಂದಲೋ ಗೊಬ್ಬರದಿಂದಲೋ, ಒಂದು ಸಾಲು ಹಾಕದೆ ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ಬಿಡಲಿಲ್ಲ.

ಸುಡುವ ಕಬ್ಬಿಣದ ಡ್ರಮ್ ಆ ಆಸಿಡ್ ಹೊಗೆಗೆ ಎರಡೇ ಸೀಸನ್ನಿಗೆ ಜಾಲರಿಯಾಗಿದೆ. ಮುಂದಿನ ಸುತ್ತಿಗೆ ಇಟ್ಟಿಗೆ, ಕೆಮ್ಮಣ್ಣಿನಲ್ಲಿ ಗೂಡು ಕಟ್ಟುತ್ತಿದ್ದೇನೆ. ಡೇರಿ ಮುಂದೆ ನಗುತ್ತಿದ್ದವರಲ್ಲಿ ಒಬ್ಬರು ಇಟ್ಟಿಗೆ ಕೊಡುತ್ತೇನೆ ಅಂದಿದ್ದಾರೆ. ಬದಲಿಗೆ ನೆನೆಸುವ ಹದ ಹೇಳಬೇಕಂತೆ. ಇನ್ನೂ ಒಪ್ಪಿಲ್ಲ.